ನೀಲಪ್ಪನ ಕಾರು ನಿಂತ ಬಾಗಿಲು

ಬೆಟಗೇರಿಯ ಹಿಟ್ಟಿನ ಗಿರಣಿ ನೀಲಪ್ಪನಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ಆದರೆ ಬೀಗರ ಪಡಸಾಲೆಯಲ್ಲಿ, ಬೀಗರ ಗಾದಿಯ ಮೇಲೆ, ಬೀಗರೇ ಕೊಟ್ಟ ಚುರಮರಿ ಮೆಲ್ಲುತ್ತ ಕೂತಾಗ ಎಂಥ ಸತ್ಯವಂತನಿಗೂ ಬುದ್ಧಿಯಿಂದ ಬಾಯಿಗೆ ಹೋಗುವ ವಾಯರು ಎಲ್ಲೋ ಒಂದು ಕಡೆ ಸಡಿಲಾಗುತ್ತದೆ. ಮುಂಡರಗಿಯ ಬೀಗ ಹನಮಪ್ಪ ಎಲೆಗೆ ಸುಣ್ಣ ಸವರುತ್ತ ಕೇಳಿದ್ದು ಇಷ್ಟೆ:

“ಕುಬಸ ಆದ ಮ್ಯಾಲೆ ನೇತ್ರಾನ್ನ ಹ್ಯಾಂಗ ಕರಕೊಂಡು ಹೊಕ್ಕೀರಿ ಬೀಗರ? ಬಸ್ಸಿನ್ಯಾಗೇನು?”

ನೇತ್ರಾ ನೀಲಪ್ಪನ ಒಬ್ಬಳೇ ಮಗಳು, ಹನಮಪ್ಪನ ಹಿರಿಯ ಸೊಸೆ, ಚೊಚ್ಚಲ ಬಸುರಿ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಕುಬಸವೆಂಬ ಸೀಮಂತ ಮುಗಿಸಿ ತವರಿಗೆ ಕರೆತಂದು ಹೆರಿಗೆ ಮಾಡಿಸುವುದು ರೂಢಿ. ಅದರಲ್ಲಿ ಎರಡು ಮಾತಿರಲಿಲ್ಲ. ಪ್ರಶ್ನೆಯಲ್ಲೂ ಕೆಟ್ಟದ್ದೇನಿರಲಿಲ್ಲ. ‘ಬಸ್ಸಿನ್ಯಾಗೇನು’ ಅನ್ನುವಾಗ ಬೀಗರ ತುಟಿಯ ಒಂದು ಮೂಲೆ ಮಾತ್ರ ಒಂದಿಷ್ಟು ಮೇಲಕ್ಕೆ ಹೋಯಿತು. ನೀಲಪ್ಪ ದುರದೃಷ್ಟಕ್ಕೆ ಅದೇ ಮೂಲೆಯನ್ನು ನೋಡುತ್ತಿದ್ದ.

“ಬಸ್ಸ ಯಾಕ್ರಿ? ನಮ್ಮದ ಕಾರ ಐತೆಲ್ಲ,” ಎಂದುಬಿಟ್ಟ.

ಕಾರು ಇದ್ದದ್ದು ನಿಜ. ಗಿರಣಿಯ ಹಿತ್ತಲಲ್ಲಿ, ಬೇವಿನ ಗಿಡದ ಕೆಳಗೆ, ಅದು ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತಿತ್ತು. ಒಂದು ಕಾಲದಲ್ಲಿ ಕೆಂಪಾಗಿದ್ದ ಬಣ್ಣ ಹೋದ ವರ್ಷದ ಖಾರಪುಡಿಯಂತೆ ಮಂಕಾಗಿತ್ತು. ಇಂಜಿನ್ನು ಜಾಮಾಗಿತ್ತು. ಗಿರಣಿಯ ಇಲಿಗಳು ಜೋಳ, ಗೋದಿ ತಿಂದು ಬೇಸರವಾದಾಗ ಬಾಯಿರುಚಿಗೆ ಅದರ ವಾಯರು ತಿನ್ನುತ್ತಿದ್ದವು. ಹಿಂದಿನ ಸೀಟಿನಲ್ಲಿ ಓಣಿಯ ಬೆಕ್ಕೊಂದು ಬಾಣಂತನ ಮುಗಿಸಿಕೊಂಡು ಹೋಗಿತ್ತು. ಬಾನೆಟ್ಟಿನ ಮೇಲೆ ಮಂಜವ್ವ ಹಪ್ಪಳ ಒಣಗಿಸುತ್ತಿದ್ದಳು.

ಮಂಜವ್ವ ನೀಲಪ್ಪನ ದೊಡ್ಡವ್ವ. ವಯಸ್ಸು ತೊಂಬತ್ತರ ಈಚೆಗೆ ಎಂದು ಕೆಲವರು, ಆಚೆಗೆ ಎಂದು ಕೆಲವರು. ಆಕೆಗೆ ಆ ಚರ್ಚೆಯಲ್ಲಿ ಆಸಕ್ತಿ ಇರಲಿಲ್ಲ. ಸತ್ತಾಗ ಉಡಿಸಲೆಂದು ತನ್ನ ಕಡೆಯ ಸೀರೆಯನ್ನು ಆಕೆ ಎಂದೋ ತೆಗೆದು ಟ್ರಂಕಿನಲ್ಲಿಟ್ಟಿದ್ದಳು. ಪ್ರತಿ ಬೇಸಿಗೆಗೆ ಅದನ್ನೊಮ್ಮೆ ಬಿಸಿಲಿಗೆ ಹಾಕಿ, ಕರೆ ಬರಲಿಲ್ಲವೆಂದು ಬೈದು, ಮತ್ತೆ ಮಡಚಿಡುತ್ತಿದ್ದಳು.

ನೀಲಪ್ಪ ಮುಳಗುಂದ ನಾಕಾದ ಮೆಕ್ಯಾನಿಕ್ ಖಾಸಿಂಸಾಬನ ಬಳಿಗೆ ಹೋದ. ಖಾಸಿಂಸಾಬನಿಗೆ ಮಾತು ಜಾಸ್ತಿ. ಆತ ಬಿಚ್ಚಿ ಜೋಡಿಸಿದ ಯಾವ ಗಾಡಿಯಲ್ಲಾದರೂ ಕೊನೆಗೆ ಒಂದೆರಡು ನಟ್ಟು ಉಳಿಯುತ್ತಿದ್ದವು. ಅವನ್ನು ಕಾಗದದಲ್ಲಿ ಕಟ್ಟಿ ಮಾಲಕನ ಕೈಗೇ ಕೊಡುತ್ತಿದ್ದುದರಿಂದ ಪ್ರಾಮಾಣಿಕನೆಂಬ ಹೆಸರೂ ಬಂದಿತ್ತು.

“ಬ್ಯಾರೆ ಇಂಜಿನ್ನ ಕುಂಡ್ರಸಬೇಕು,” ಎಂದ ನೀಲಪ್ಪ. “ಆದ್ರ ಅದನ್ನ ಯಾರೂ ಜೋರ ಓಡಿಸಿರಬಾರ್ದು, ದೂರ ಒಯ್ದಿರಬಾರ್ದು. ಸಭ್ಯ ಮಂದಿ ಗಾಡಿದು ಆಗಬೇಕು.”

ಖಾಸಿಂಸಾಬ ಬೆಂಚಿನ ಮೇಲೆ ಕೂತು, ಗಡ್ಡ ಕೆರೆದು, ಯೋಚಿಸಿದ. “ಲಕ್ಷ್ಮೇಶ್ವರದಾಗ ಗುಜರಿ ಅಂಗಡ್ಯಾಗ ಒಂದ ವ್ಯಾನಿಂದು ಐತ್ರಿ. ನಿಮ್ಮ ಕಾರಿಗೆ ಸರಿಯಾಗಿ ಕುಂಡ್ರತೈತಿ. ಊರೊಳಗ ಅಷ್ಟ ಓಡೇತಿ, ಹೆಚ್ಚಂದ್ರ ಊರ ಹೊರಗ ಒಂದೀಟು. ಒಂದನೇ ಗೇರ, ಎರಡನೇ ಗೇರ, ಮುಗೀತು. ಒಳಗಿದ್ದವರು ಒಬ್ರೂ ಎಂದೂ ಜಲ್ದಿ ಹೊಡಿ ಅಂದಿಲ್ಲ.”

“ಯಾವದಾದ್ರೂ ಮಠದ್ದೇನು?”

“ಕಡೀಕ ದೇವರ ಕಡೆನ ಹೋಗೂದ್ರಿ ಅದು,” ಎಂದ ಖಾಸಿಂಸಾಬ. ಸುಳ್ಳು ಹೇಳಲಿಲ್ಲವೆಂಬ ಸಮಾಧಾನದಲ್ಲಿ ಆತ ಚಹಾಕ್ಕೆ ಹೇಳಿದ. ಯಾರೋ ಸ್ವಾಮಿಗಳನ್ನು ಹೊತ್ತು ತಿರುಗಿದ ಇಂಜಿನ್ನು ಸಿಕ್ಕಿತೆಂಬ ಸಂತೋಷದಲ್ಲಿ ನೀಲಪ್ಪ ಅದನ್ನು ಕುಡಿದ.

ಇಂಜಿನ್ನು ಬಂದು ಕೂತಿತು. ಆಮೇಲೆ ಬಂದದ್ದು ವಾಯರಿನ ಪ್ರಶ್ನೆ.

“ನಿಮ್ಮ ವಾಯರಿಂಗ್ ಕಿಟ್ ಮುಪ್ಪಾಗೈತ್ರಿ,” ಎಂದ ಖಾಸಿಂಸಾಬ. ಒಂದು ವಾಯರನ್ನು ಬೆರಳಲ್ಲಿ ಬಗ್ಗಿಸಿ ತೋರಿಸಿದ. ಅದರ ಮೇಲಿನ ಪ್ಲಾಸ್ಟಿಕ್ಕು ಹಪ್ಪಳದಂತೆ ಚಟ್ ಎಂದು ಮುರಿಯಿತು. “ಕನೆಕ್ಟರ್ ಎಲ್ಲಾ ಹಸರ ಕಿಲುಬು ಹಿಡದಾವ. ವ್ಯಾನಿನ ಕಿಟ್ಟೂ ಇಂಜಿನ್ನಿನ ಜೋಡಿ ಬಂದೈತಿ, ಅದೂ ಅಷ್ಟ. ಎರಡೂ ತಗದ ಒಗದು ಹೊಸಾದು ಹಾಕೋಣ.”

ನೀಲಪ್ಪ ನಕ್ಕ. ಹುಟ್ಟಾ ಗಿರಣಿಯಲ್ಲಿ ಬೆಳೆದವನಿಗೆ ಒಬ್ಬ ಮೆಕ್ಯಾನಿಕ್ ವಾಯರಿನ ಬಗ್ಗೆ ಹೇಳುವುದೆಂದರೇನು? “ಕರೆಂಟಿಗೆ ವಯಸ್ಸ ಆಗತೈತೇನು ಖಾಸಿಂಸಾಬ? ವಾಯರಿಗೆ ವಾಯರ ಹಚ್ಚು, ಟೇಪ್ ಸುತ್ತು. ನನ್ನ ಗಿರಣಿ ಮೋಟರ ಹಂಗ ಓಡಾಕತ್ತೈತಿ.” ತನ್ನ ಗಿರಣಿಯ ಟೇಪಿನ ಸುರುಳಿಯನ್ನೇ ತಂದು, ಡ್ಯಾಶ್‌ಬೋರ್ಡಿನ ಕೆಳಗೆ ತಾನೇ ತಲೆ ಹಾಕಿ, ಎರಡು ಕಿಟ್ಟುಗಳನ್ನು ಒಂದೇ ಗಂಟಾಗಿ ಸುತ್ತಿಬಿಟ್ಟ. ವ್ಯಾನಿನ ಕಿಟ್ಟಿನ ತುದಿಗೆ ಬೆಂಕಿಪೊಟ್ಟಣದಷ್ಟು ಒಂದು ಕರಿ ಡಬ್ಬಿ ಜೋತಾಡುತ್ತಿತ್ತು. ಅದೇನೆಂದು ನೀಲಪ್ಪನಿಗೆ ಗೊತ್ತಿರಲಿಲ್ಲ. ಖಾಸಿಂಸಾಬನಿಗೂ ಗೊತ್ತಿರಲಿಲ್ಲ. ಇಬ್ಬರೂ ಗೊತ್ತಿದ್ದವರಂತೆ ತಲೆಯಾಡಿಸಿದರು. ಡಬ್ಬಿಯೂ ಟೇಪಿನ ಗಂಟಿನೊಳಗೆ ಹೋಯಿತು.

ಮೊದಲ ಸವಾರಿಗೆ ನೀಲಪ್ಪ ಮುಸ್ಸಂಜೆಯ ಹೊತ್ತನ್ನು ಆರಿಸಿಕೊಂಡ. ಆಗ ಓಣಿಯವರೆಲ್ಲ ಕಟ್ಟೆಯ ಮೇಲಿರುತ್ತಾರೆ. ನೋಡುವವರಿಲ್ಲದ ಕಾರಿಗೆ ಅರ್ಥವಿಲ್ಲ. ಗಾಡಿ ಮೆಲ್ಲಗೆ, ಗಂಭೀರವಾಗಿ, ಯಾವುದೋ ಹಳೆಯ ಅಭ್ಯಾಸದಿಂದೆಂಬಂತೆ ಎರಡನೇ ಗೇರಿನ ಆಚೆ ಹೋಗಲು ಮನಸ್ಸಿಲ್ಲದೆ ಸಾಗಿತು. ಮೊಬೈಲ್ ಅಂಗಡಿ ಪರಶುರಾಮನ ಮನೆ ಬಂತು. ಆಗ ಹಿಂದಿನಿಂದ, ಯಾರೂ ಕೂತಿಲ್ಲದ ಸೀಟಿನ ಕಡೆಯಿಂದೆಂಬಂತೆ, ಖಾಲಿ ಡಬ್ಬಿಯಲ್ಲಿ ಸಿಕ್ಕಿದ ದುಂಬಿಯಂತೆ ಒಂದು ಸದ್ದು ಬಂತು.

ಗುಂಯ್.

ದೀಪಗಳು ನಿದ್ದೆಗೆ ಜಾರುವವನ ಕಣ್ಣಿನಂತೆ ಮಂಕಾದವು. ಒಣ ಗಾಜಿನ ಮೇಲೆ ವೈಪರು ಒಮ್ಮೆ ಆ ಕಡೆ ಹೋಗಿ ಈ ಕಡೆ ಬಂತು, ಬೇಡ ಬೇಡ ಎಂದು ಕೈಯಾಡಿಸಿದಂತೆ. ಇಂಜಿನ್ನು ಒಂದು ಉಸಿರು ಬಿಟ್ಟು ನಿಂತಿತು, ಪರಶುರಾಮನ ಹೊಸ್ತಿಲಿಗೆ ಸರಿಯಾಗಿ.

ನೀಲಪ್ಪ ಹಿಂದೆ ಹೊರಳಿ ನೋಡಿದ. ಸೀಟಿನ ಮೇಲೆ ಬೆಕ್ಕಿನ ಕೂದಲು ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಪರಶುರಾಮನ ಅಜ್ಜ ತೀರಿಕೊಂಡ. ಅಜ್ಜ ಹೋದ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದ. ಡಾಕ್ಟರು ಕೈ ಚೆಲ್ಲಿದ್ದರು. ದೂರದ ನೆಂಟರು ಬಂದು, ಕಾದು, ರಜೆ ಮುಗಿದು, ಹೋಗಿಬಿಟ್ಟಿದ್ದರು. ಆದ್ದರಿಂದ ಯಾರೂ ಕಾರಿನ ವಿಚಾರ ಎತ್ತಲಿಲ್ಲ. ಎತ್ತಿದವನು ಯೂಸುಫ.

ಯೂಸುಫ ಹೆಣ ಒಯ್ಯುವ ವ್ಯಾನಿನ ಡ್ರೈವರು. ಮಾತು ಕಡಿಮೆ, ಸ್ವಚ್ಛ ಬಿಳಿ ಶರ್ಟು. ಅಜ್ಜನಿಗಾಗಿ ಹೊಸ ವ್ಯಾನು ತಂದು ನಿಲ್ಲಿಸಿಕೊಂಡಿದ್ದ. ಆ ಹೊತ್ತಿಗೆ ನೀಲಪ್ಪ ಕಾರು ತೆಗೆದುಕೊಂಡು ಹೂವಿನ ಹಾರ ತರಲು ಹೊರಟ. ಯೂಸುಫ ಕಿವಿ ನಿಮಿರಿಸಿದ. ಸದ್ದಿನ ಹಿಂದೆಯೇ ನಡೆದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ಹಳೆಯ ಎತ್ತಿನ ಬೆನ್ನು ಮುಟ್ಟುವಂತೆ.

“ಇದು ನನ್ನ ಹಳೇ ವ್ಯಾನಿನ ಇಂಜಿನ್ರಿ. ಲಕ್ಷ್ಮೇಶ್ವರದಾಗ ಗುಜರಿಗೆ ಹಾಕಿದ್ರು. ಗುಂಯ್ ಅಂತೈತೇನು?”

“ಅಂತೈತಿ. ಏನದು?” ಎಂದ ನೀಲಪ್ಪ.

“ಬಜರ್ರಿ, ಒಂದ ಸಣ್ಣ ಕರೀ ಡಬ್ಬಿ. ಹಿಂದ ಹೆಣದ ಜೋಡಿ ಕುಂತವರು ಒತ್ತತಿದ್ರು. ನಡದಾರ್ಯಾಗ ಒಂದ ಕಡೆ ಇಳಿಸಿ, ಮುಖ ತಿರುಗಿಸಿ, ಮತ್ತ ಎತ್ತತಾರಲ್ಲ, ಅದಕ್ಕ. ಒತ್ತಿದ್ರ ನಾ ನಿಂದ್ರಸ್ತಿದ್ದೆ. ಯಾಕ ಅಂತ ಕೇಳ್ತಿದ್ದಿಲ್ಲ.”

“ನನ್ನ ಗಾಡ್ಯಾಗ ಹಿಂದ ಯಾರೂ ಇದ್ದಿಲ್ಲಲ್ಲೋ ಮಾರಾಯ.”

ಯೂಸುಫ ಬಾನೆಟ್ಟಿನ ಮೇಲಿಂದ ಅಂಗೈ ತೆಗೆದ. “ನಾನೂ ಎಂದೂ ಹೊಳ್ಳಿ ನೋಡ್ತಿದ್ದಿಲ್ಲ್ರಿ,” ಎಂದು ಹೇಳಿ ತನ್ನ ಕೆಲಸಕ್ಕೆ ಹೋದ.

ಈ ಸಂಭಾಷಣೆ ನಡೆದದ್ದು ಸಾವಿನ ಮನೆಯ ಮುಂದೆ. ಅಲ್ಲಿ ಓಣಿಯ ಎಲ್ಲ ಕಿವಿಗಳೂ ಇದ್ದವು, ಬೇರೆ ಕೆಲಸವೂ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಜನ ಮರೆಯುತ್ತಿದ್ದರೇನೋ. ಆದರೆ ಗಾಡಿ ನಾಲ್ಕು ದಿನದಲ್ಲಿ ಗುಂಯ್ ಎಂದು ಡ್ರಾಯಿಂಗ್ ಮಾಸ್ತರರ ಬಾಗಿಲಿಗೆ ನಿಂತಿತು. ರಾತ್ರಿ ಕಳೆಯುವಷ್ಟರಲ್ಲಿ ಮಾಸ್ತರರ ಗಿಳಿ ಸತ್ತಿತು. ಆಮೇಲೆ ಕಿರಾಣಿ ಅಂಗಡಿಯ ಮುಂದೆ ನಿಂತಿತು. ಸಂಜೆಗೆ ಅಂಗಡಿಯ ಫ್ರಿಜ್ಜು ಹೋಯಿತು. ತರ್ಕಶಾಸ್ತ್ರ ಬಲ್ಲವರು ಅಜ್ಜ, ಗಿಳಿ, ಫ್ರಿಜ್ಜುಗಳನ್ನು ಒಂದೇ ಸಾಲಿನಲ್ಲಿ ಕೂಡಿಸಬಾರದೆಂದಾರು. ಬೆಟಗೇರಿಯಲ್ಲಿ ಕೂಡಿಸಿದರು. ಆ ಮೂರು ಬಾಗಿಲುಗಳ ಮುಂದೆಯೂ ನೀರಿನ ಪೈಪಿಗೆಂದು ಅಗೆದು ಅರೆಬರೆ ಮುಚ್ಚಿದ ತಗ್ಗುಗಳಿದ್ದವು. ಅವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ತಗ್ಗು ನೋಡಿ ನೋಡಿ ಊರಿಗೆ ರೂಢಿಯಾಗಿತ್ತು.

ಅಲ್ಲಿಂದ ನೀಲಪ್ಪನ ಬದುಕಿನಲ್ಲಿ ಒಂದು ವಿಚಿತ್ರ ಸೌಕರ್ಯ ಶುರುವಾಯಿತು. ಗುಂಯ್ ಎನ್ನುವುದೇ ತಡ, ಆ ಮನೆಯ ಮಂದಿಯೆಲ್ಲ, ಊಟಕ್ಕೆ ಕೂತವರು ಎಂಜಲು ಕೈಯಲ್ಲೇ, ಓಡಿ ಬಂದು ಗಾಡಿಯನ್ನು ದಬ್ಬುತ್ತಿದ್ದರು. ತಮ್ಮ ಬಾಗಿಲು ದಾಟಿಸಿದರೆ ಅವರ ಹೊಣೆ ಮುಗಿಯಿತು. ಅಷ್ಟರಲ್ಲಿ ಮುಂದಿನ ಮನೆಯವರು ಸೀರೆ ಸೆರಗು ಸಿಕ್ಕಿಸಿಕೊಂಡು ಸಿದ್ಧರಾಗಿರುತ್ತಿದ್ದರು.

“ನಮ್ಮ ಮನ್ಯಾಗ ಮುದುಕಿ ಐತಿ, ಜೋರ ದಬ್ರಿ.”

“ನಮ್ಮಲ್ಲಿ ಮೊನ್ನೆ ಇನ್ವರ್ಟರ ತಂದೀವಿ, ಇಲ್ಲಿ ಬ್ಯಾಡ, ಮುಂದ ತಗೀರಿ.”

ಹೀಗೆ ಕೈಯಿಂದ ಕೈಗೆ, ಬಾಗಿಲಿಂದ ಬಾಗಿಲಿಗೆ, ನೀಲಪ್ಪ ಒಮ್ಮೆ ಬೆಟಗೇರಿಯಿಂದ ಗದುಗಿನ ಪೇಟೆಯವರೆಗೆ ಇಂಜಿನ್ನು ಚಾಲು ಮಾಡದೆಯೇ ಹೋಗಿ ಬಂದ. ಗೌರವದ ಸವಾರಿಯೆಂದು ಮೊದಲು ಕೈ ಮುಗಿಯುತ್ತಲೂ ಇದ್ದ. ದಬ್ಬುವವರು ಯಾರೂ ತನ್ನ ಮುಖ ನೋಡುತ್ತಿಲ್ಲ, ಎಲ್ಲರೂ ಹಿಂದಿನ ಸೀಟಿನ ಕಡೆ ಓರೆಗಣ್ಣು ಹಾಕುತ್ತಿದ್ದಾರೆ ಎಂದು ತಿಳಿದ ಮೇಲೆ ಕೈ ಇಳಿಸಿದ.

ಒಂದು ಸರಕಾರಿ ಕಚೇರಿಯ ಮುಂದೆಯೂ ಗಾಡಿ ನಿಂತಿತು. ಯಾವ ಕಚೇರಿ ಎಂದು ಹೇಳುವುದು ಸರಿಯಲ್ಲ; ಅಲ್ಲಿನವರು ಇನ್ನೂ ನೌಕರಿಯಲ್ಲಿದ್ದಾರೆ. ಸಾಹೇಬರು ಸ್ವತಃ ಕಿಟಕಿಯಿಂದ ನೋಡಿ, ಸಿಬ್ಬಂದಿಯನ್ನೆಲ್ಲ ಕೆಳಗೆ ಕಳಿಸಿದರು. ಅಷ್ಟು ಮಂದಿ ನೌಕರರು ಒಟ್ಟಿಗೆ ಒಂದು ಕೆಲಸಕ್ಕೆ ಕೈ ಹಚ್ಚಿದ್ದನ್ನು ಸಾರ್ವಜನಿಕರು ಆ ದಿನವೇ ಕಂಡದ್ದು. “ಇಲ್ಲಿ ಏನ ಸಾಯತೈತ್ರಿ ಸಾಹೇಬ್ರ?” ಎಂದು ನೀಲಪ್ಪ ಬೇಡಿಕೊಂಡ. “ನಮ್ಮ ಕಚೇರ್ಯಾಗ ಉಸಿರಾಡೂದು ಒಂದೆರಡ ಫೈಲ ಅದಾವ. ಅವಾದ್ರೂ ಉಳೀಲಿ,” ಎಂದರು ಸಾಹೇಬರು.

ಇಡೀ ಊರಲ್ಲಿ ಕಾರಿಗೆ ಅಂಜದವಳು ಮಂಜವ್ವ ಒಬ್ಬಳೇ. ಆಕೆ ಟ್ರಂಕು ತೆರೆದು, ಕಡೆಯ ಸೀರೆ ಉಟ್ಟು, ಕಟ್ಟೆಯ ಮೇಲೆ ಕಾದು ಕೂರತೊಡಗಿದಳು. ಆದರೆ ಮನೆ, ಅದಕ್ಕಂಟಿದ ಗಿರಣಿ ಎರಡರ ಮುಂದಿನ ನೆಲವೂ ಸಪಾಟಾಗಿತ್ತು. ಗಾಡಿ ಅಲ್ಲಿ ಕೀಲಿ ತಿರುಗಿಸಿದರೆ ನಿಲ್ಲುತ್ತಿತ್ತೇ ಹೊರತು ಗುಂಯ್ ಎನ್ನುತ್ತಿರಲಿಲ್ಲ.

“ಎಲ್ಲಾರ ಬಾಗಲಕ್ಕೂ ನಿಂದ್ರತೈತಿ,” ಎಂದು ಆಕೆ ದಿನಾ ದೂರುತ್ತಿದ್ದಳು. “ಗಿಳಿಗೆ ಸೈತ ಪಾಳಿ ಬಂತು. ನಾ ಏನ ತಪ್ಪ ಮಾಡೀನಲೇ ನೀಲ್ಯಾ?”

ಪರಶುರಾಮ ಅಜ್ಜನ ದುಃಖದಲ್ಲೂ ಗಾಡಿಯದೊಂದು ವಿಡಿಯೋ ಮಾಡಿ, ಹಿಂದೆ ನಾಯಿ ಊಳಿಡುವ ಸದ್ದು ಸೇರಿಸಿ, ಸ್ಟೇಟಸ್ಸಿಗೆ ಹಾಕಿದ್ದ. ಅದು ಶಿರಹಟ್ಟಿ, ಲಕ್ಷ್ಮೇಶ್ವರ ಸುತ್ತಿ ಮುಂಡರಗಿಯ ಗಾದಿಯನ್ನು ತಲುಪಿತು. ಬೀಗರ ಫೋನು ಬಂತು.

“ಬೀಗರ, ಆ ಗಾಡ್ಯಾಗ ನಮ್ಮ ಸೊಸಿ ಬರಂಗಿಲ್ಲ.”

“ಬ್ಯಾರೆ ಗಾಡಿ ಮಾಡಿಸ್ತೀನ್ರಿ.”

“ಬ್ಯಾರೆದರಾಗೂ ಕಳಸಂಗಿಲ್ಲ. ಆ ಕಾರ ದಿನಾ ಯಾರ ಮನಿ ಮುಂದ ನಿಂದ್ರತೈತಿ? ನಿಮ್ಮ ಮನಿ ಮುಂದ. ಅಂಥಾ ಮನಿಗೆ ಬಸುರಿನ್ನ ಹ್ಯಾಂಗ ಕಳಸೂದು? ಕುಬಸಕ್ಕ ಬರ್ರಿ, ಉಡಿ ತುಂಬರಿ, ಊಟ ಮಾಡ್ರಿ, ಹೋಗ್ರಿ. ಹೆರಿಗಿ ಇಲ್ಲೇ ಆಗತೈತಿ.”

ವಾದದಲ್ಲಿ ತೂತಿರಲಿಲ್ಲ. ನೀಲಪ್ಪ ಗುಜರಿಯವನಿಗೆ ಫೋನು ಹಚ್ಚಿದ. ಅವನು ಪುಕ್ಕಟೆ ಕೊಟ್ಟರೂ ಒಲ್ಲೆ ಎಂದ. ಆಮೇಲೆ ನೇತ್ರಾ ಫೋನು ಮಾಡಿದಳು. ಮೊದಲು ನಕ್ಕಳು. “ಅಪ್ಪಾ, ನಿನ್ನ ಕಾರ ಇಲ್ಲೆ ಭಾಳ ಹೆಸರ ಮಾಡೇತಿ. ಅದನ್ನ ಮೊಬೈಲ್ನ್ಯಾಗ ನೋಡಾಕೂ ನಮ್ಮತ್ತಿ ನನ್ನ ಬಿಡವಲ್ಲರು.” ಆಮೇಲೆ ದನಿ ಸಣ್ಣದಾಯಿತು. “ನಾ ಇಲ್ಲೇ ಹಡೀಬೇಕೇನು ಅಪ್ಪಾ? ಅವ್ವ ಇಲ್ದ?”

ನೀಲಪ್ಪನ ಹೆಂಡತಿ ರೋಜಾ ಬಾಣಂತಿಯ ಕೋಣೆಗೆ ಸುಣ್ಣ ಹೊಡೆಸಿ, ಅಂಟಿನುಂಡಿಗೆ ಕೊಬ್ಬರಿ ಹೆರೆದಿಟ್ಟಿದ್ದಳು. “ಆ ಗಾಡಿ ಹುಚ್ಚ ಬಿಡಸ್ರಿ. ಮಗಳು ಈ ಮನಿಗೆ ಬರಲಿಲ್ಲಂದ್ರ ನೀವೂ ಗಿರಣ್ಯಾಗ ಮಲಗ್ರಿ,” ಎಂದಳು.

ಹುಚ್ಚು ಬಿಡಿಸಲು ವಾಯರಿಂಗು ಬಿಚ್ಚಬೇಕು. ಬಿಚ್ಚಲು ಗಾಡಿ ಒಂದು ಕಡೆ ನಿಲ್ಲಬೇಕು. ಅದನ್ನು ನಿಲ್ಲಗೊಡುವವರೇ ಇರಲಿಲ್ಲ; ಸ್ವಂತ ಹಿತ್ತಲಿನಲ್ಲಿಯೂ ಬೇಲಿಯಾಚೆಯ ಮನೆಯವರು, ಅಲ್ಲಿ ಬಿಚ್ಚಿದರೆ ಒಳಗಿದ್ದದ್ದು ಹೊರಗೆ ಬಂದು ಬೇಲಿ ದಾಟುತ್ತದೆಂದು ಗಲಾಟೆ ಮಾಡಿದರು. ಖಾಸಿಂಸಾಬನ ಗ್ಯಾರೇಜಿಗೆ ತಂದದ್ದೇ ತಡ, ಪಕ್ಕದ ಖಾನಾವಳಿಯವರು ಬಂದರು. ಆ ಹೊತ್ತಿಗೆ ಖಾಸಿಂಸಾಬ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿಕೊಂಡು ಮಲಗಿದ್ದ. ಕಾಲು ಬಾಗಿಲಿನ ಹೊರಗಿದ್ದವು. ಖಾನಾವಳಿ ಮಂದಿ ಕಾಲುಗಳನ್ನೂ ಸೇರಿಸಿ ಗಾಡಿಯನ್ನು ರಸ್ತೆಗೆ ದಬ್ಬಿದರು.

“ನಿಂದ್ರಸ್ರಿ, ನಾ ಒಳಗದೀನಿ,” ಎಂಬ ದನಿ ಇಂಜಿನ್ನಿನ ದಿಕ್ಕಿನಿಂದ ಬಂತು. ದಬ್ಬುವವರು ಅದನ್ನು ಕೇಳಿ ಇನ್ನೂ ಜೋರಾಗಿ ದಬ್ಬಿದರು.

ನಾಕಾದಿಂದ ಪೇಟೆ, ಪೇಟೆಯಿಂದ ಬೆಟಗೇರಿ. ಎದುರಿಗೆ ಬಂದವರು ಗಾಡಿಯಿಂದ ಹೊರಚಾಚಿದ ಎರಡು ಕಾಲು ನೋಡಿ ಚಪ್ಪಲಿ ಬಿಟ್ಟು ನಿಂತರು. ನೀಲಪ್ಪ ಸ್ಟಿಯರಿಂಗು ಹಿಡಿದು, ಬ್ರೇಕು ಒತ್ತಿದರೂ ಊರಿನ ಬಲದ ಮುಂದೆ ಅದು ನಿಲ್ಲದೆ, ಸಾಗಿದ. ಗಿರಣಿಯ ಮುಂದೆ ಮಾತ್ರ ಮಂಜವ್ವ ಕೋಲು ಅಡ್ಡ ಹಿಡಿದು ಗಾಡಿ ತಡೆದಳು.

“ಎಲ್ಲಿಗೆ?”

“ಎಲ್ಲಿ ಬಿಡತಾರೋ ಅಲ್ಲಿಗೆ, ದೊಡ್ಡವ್ವ.”

“ಸರಿ, ನಾನೂ ಬರ್ತೀನಿ,” ಎಂದು ಆಕೆ ಹಿಂದಿನ ಸೀಟಿನಲ್ಲಿ ಏರಿ ಕೂತಳು. ಸೀರೆ ಹೇಗೂ ಉಟ್ಟಾಗಿತ್ತು.

ಕೊನೆಗೆ ಗಾಡಿ ನಿಂತದ್ದು ಯಾರೂ ತಕರಾರು ತೆಗೆಯದ ಜಾಗದಲ್ಲಿ, ಊರ ಹೊರಗಿನ ರುದ್ರಭೂಮಿಯಲ್ಲಿ. ದಬ್ಬಿದವರು ಗೇಟಿನ ಒಳಗೆ ಬಿಟ್ಟು, ಹಿಂತಿರುಗಿ ನೋಡದೆ, ನಳದಲ್ಲಿ ಕಾಲು ತೊಳೆದುಕೊಂಡು ಹೋದರು. ಕಾವಲುಗಾರ ಸೋಮೇಶ ಬೀಡಿ ಆರಿಸಿ ಬಂದು ಕಿಟಕಿಯಲ್ಲಿ ಇಣುಕಿದ. ಮಂಜವ್ವ ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದಳು.

“ಇವರು ಇನ್ನೂ ಕುಂತಾರಲ್ರಿ,” ಎಂದ ಸೋಮೇಶ.

“ಸ್ವಲ್ಪ ತಡೀಯಪ್ಪ,” ಎಂದಳು ಮಂಜವ್ವ. “ಗಡಬಡಿ ಮಾಡಬ್ಯಾಡ.”

ಹೊತ್ತು ಇಳಿಯುತ್ತಿತ್ತು. ಸಮಾಧಿಗಳ ನೆರಳು ಒಂದರ ಮೇಲೊಂದು ಒರಗಿದ್ದವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು, ಯಾರಿಗೋ ನಿಧಾನವಾಗಿ ಕೈಬೀಸಿ ಕರೆಯುವಂತೆ, ತಿರುಗುತ್ತಿದ್ದವು. ಖಾಸಿಂಸಾಬ ಡ್ಯಾಶ್‌ಬೋರ್ಡಿನ ಕೆಳಗಿಂದ ಎದ್ದು, ತಾನೆಲ್ಲಿದ್ದೇನೆಂದು ನೋಡಿ, ಮತ್ತೆ ಒಳಗೇ ತಲೆ ಹಾಕಿದ. ಹೊರಗಿಗಿಂತ ಅಲ್ಲೇ ವಾಸಿ ಅನ್ನಿಸಿರಬೇಕು.

“ಚಾಲೂ ಮಾಡ್ರಿ,” ಎಂದ ಒಳಗಿನಿಂದ. “ನಾ ಒಂದೊಂದ ಕನೆಕ್ಟರ್ ಅಲಗಾಡಸ್ತೀನಿ. ಯಾವದನ್ನ ಮುಟ್ಟಿದಾಗ ಬಂದ್ ಆಗತೈತಿ ನೋಡೋಣ.”

ಇಂಜಿನ್ನು ಚಾಲೂ ಆಯಿತು. ತನ್ನ ಹಳೆಯ ಜಾಗ ಗುರುತು ಹಿಡಿದಂತೆ, ಆ ದಿನ ಅದರ ಸದ್ದು ಬಹಳ ಮೃದುವಾಗಿತ್ತು. ಖಾಸಿಂಸಾಬ ಒಂದು ಕನೆಕ್ಟರು ಅಲ್ಲಾಡಿಸಿದ, ಏನಿಲ್ಲ. ಇನ್ನೊಂದು, ಏನಿಲ್ಲ. ಕೈ ಟೇಪಿನ ಗಂಟಿಗೆ ತಾಗಿತು.

ಗುಂಯ್.

ದೀಪ ಮಂಕಾಯಿತು. ವೈಪರು ಬೇಡ ಎಂದಿತು. ಇಂಜಿನ್ನು ನಿಂತಿತು. ಎಲ್ಲೋ ಒಂದು ಹಕ್ಕಿ ಕೂಗುವುದನ್ನು ನಿಲ್ಲಿಸಿತು.

“ಯಾರೋ ಇಳೀತಾರಂತ,” ಎಂದಳು ಮಂಜವ್ವ ಹಿಂದಿನಿಂದ, ಶಾಂತವಾಗಿ. ಸೋಮೇಶ ಗೇಟಿನವರೆಗೆ ನಡೆದು ಹೋಗಿ ಅಲ್ಲೇ ನಿಂತುಕೊಂಡ.

ಖಾಸಿಂಸಾಬ ಗಂಟನ್ನು ಕೊಯ್ದ. ಗಿರಣಿಯ ಟೇಪಿನ ಅಂಟು ಇಂಜಿನ್ನಿನ ಕಾವಿಗೆ ಕರಗಿ ಬೆಲ್ಲದ ಪಾಕದಂತೆ ಎಳೆ ಬಿಟ್ಟಿತು. ಒಳಗೆ ವಾಯರುಗಳ ತೊಗಲು ಸುಲಿದು ತಾಮ್ರ ತಾಮ್ರಕ್ಕೆ ತಾಗಿತ್ತು. ಒಂದು ಕಡೆ ಇಲಿಯ ಹಲ್ಲಿನ ಗುರುತು. ಕನೆಕ್ಟರಿನ ಪಿನ್ನುಗಳಲ್ಲಿ ಹಳೆಯ ಗಿಂಡಿಯ ಮೇಲಿನಂಥ ಹಸಿರು ಕಿಲುಬು. ಗಾಡಿ ತಗ್ಗಿಗೆ ಕುಕ್ಕರಿಸಿದಾಗಲೆಲ್ಲ ಇಂಜಿನ್ನಿಗೆ ಹೋಗಬೇಕಾದ ಕರೆಂಟು ದಾರಿ ತಪ್ಪಿ ಬಜರಿಗೆ, ವೈಪರಿಗೆ ಹಂಚಿಹೋಗುತ್ತಿತ್ತು.

“ಈ ಟೇಪ್ ಯಾರ ಸುತ್ತಿದ್ದು?” ಎಂದ ಖಾಸಿಂಸಾಬ, ಗೊತ್ತಿದ್ದೂ.

“ಆ ಬಜರ ಗುರುತ ಹಿಡೀದ ಹಂಗ ಬಿಟ್ಟಾವ ಯಾರು?” ಎಂದ ನೀಲಪ್ಪ.

ಇಬ್ಬರೂ ಸಮ ಸಮ ಆದ ಮೇಲೆ, ಗ್ಯಾರೇಜಿನಲ್ಲೇ ಗಾಡಿಗೆ ಹಾಕಿದ್ದ ಸಾಮಾನಿನ ಚೀಲ ಬಿಚ್ಚಿದರು, ಕೆಲಸ ಸಾಗಿತು. ಸತ್ತ ವಾಯರನ್ನು ಜೀವ ಇರುವವರೆಗೆ ಕತ್ತರಿಸಿ ತೆಗೆದರು. ಹೊಸ ವಾಯರಿನ ತುದಿ ಹುರಿಮಾಡಿ ಬೆಸುಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಕೊಳವೆಯಂಥ ಸ್ಲೀವು ಏರಿಸಿ, ಸೋಮೇಶನ ಬೆಂಕಿಪೊಟ್ಟಣದ ಕಡ್ಡಿ ಗೀರಿ ಅದನ್ನು ಬಿಗಿ ಮಾಡಿದರು. ಕಿಲುಬು ಹಿಡಿದ ಕನೆಕ್ಟರುಗಳನ್ನು ಕಿತ್ತು ಹೊಸವನ್ನು ಹಾಕಿದರು. ಅರ್ಥಿಂಗ್ ವಾಯರು ಕೂಡುವ ಕಡೆ ತುಕ್ಕು ಕೆರೆದು ತಗಡು ಹೊಳೆಯುವಂತೆ ಮಾಡಿದರು. ಬಜರನ್ನು ಬೇರು ಸಹಿತ ತೆಗೆದು ಬದಿಗಿಟ್ಟರು. ಅಷ್ಟು ಹೊತ್ತೂ ಮಂಜವ್ವ ತನ್ನ ಗಂಡನ ಸಮಾಧಿಯ ಕಟ್ಟೆಯ ಮೇಲೆ ಕೂತು, ಮನೆಯ ಸುದ್ದಿಯನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ನಡುನಡುವೆ ಉತ್ತರ ಕೇಳಿಸಿಕೊಳ್ಳುವಂತೆ ಸುಮ್ಮನಾಗುತ್ತಿದ್ದಳು.

ಕೀಲಿ ತಿರುಗಿಸಿದರೆ ಗಾಡಿ ಗಿರಣಿಯ ಬೆಲ್ಟಿನಂತೆ ಒಂದೇ ಲಯದಲ್ಲಿ ಓಡತೊಡಗಿತು. ಹೊರಡುವಾಗ ಮಂಜವ್ವ ಬಜರಿಗೆ ಕೈ ಚಾಚಿದಳು. “ಅದನ್ನ ನನಗ ಕೊಡ್ರಿ. ಗಾಡ್ಯಾಗ ನನ್ನ ಮಾತ ಈ ನೀಲ್ಯಾಗ ಕೇಳಸೂದಿಲ್ಲ.” ಖಾಸಿಂಸಾಬ ಅದಕ್ಕೊಂದು ಸೆಲ್ಲು, ಒಂದು ಒತ್ತುಗುಂಡಿ ಜೋಡಿಸಿ ಕೊಟ್ಟ. ಉಳಿದ ನಟ್ಟುಗಳನ್ನು ಕಾಗದದಲ್ಲಿ ಕಟ್ಟಿ ನೀಲಪ್ಪನಿಗೂ ಕೊಟ್ಟ.

ದೀಪ ಹಚ್ಚುವ ಹೊತ್ತಿಗೆ ಗಾಡಿ ಓಣಿಗೆ ಬಂತು. ದಬ್ಬಲು ಸಿದ್ಧರಾಗಿ ನಿಂತಿದ್ದ ಜನ ಹಿಂದಿನ ಸೀಟು ನೋಡಿದರು. ಅಲ್ಲಿ ಮಂಜವ್ವ ಕಡೆಯ ಸೀರೆಯಲ್ಲಿ, ಎಲೆ ಅಡಿಕೆ ಮೆಲ್ಲುತ್ತ, ಸಿಡುಕಿನ ಮುಖ ಮಾಡಿಕೊಂಡು ಕೂತಿದ್ದಳು. ಯಾರ ಕೈಯೂ ಏಳಲಿಲ್ಲ. ಆ ಇಂಜಿನ್ನು ರುದ್ರಭೂಮಿಗೆ ಹೋದದ್ದು ಹೊಸದಲ್ಲ. ಒಯ್ದವರನ್ನು ಮರಳಿ ತಂದದ್ದು ಮಾತ್ರ ಅದರ ಆಯುಷ್ಯದಲ್ಲೇ ಮೊದಲು.

“ಅಲ್ಲೀತನಕ ಒಯ್ದು ಹೊಳ್ಳಿ ತಂದಾನ,” ಎಂದು ಮಂಜವ್ವ ಇಳಿಯುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು. “ಇವನ ಕೆಲಸೆಲ್ಲಾ ಹಿಂಗ. ಅರ್ಧಕ್ಕ ಬಿಡತಾನ.”

ಊರು ಮಲಗುವಷ್ಟರಲ್ಲಿ ಸಿದ್ಧಾಂತ ತಿರುವುಮುರುವಾಗಿತ್ತು. ಆ ಗಾಡಿ ಹತ್ತಿದರೆ ಯಮನ ಬಾಗಿಲು ಮುಟ್ಟಿ ವಾಪಸು ಬರಬಹುದು. ಆಮೇಲೆ ಅಲ್ಲಿಂದ ಸದ್ಯಕ್ಕೆ ಕರೆ ಇಲ್ಲ. ಬೆಳಗಾದರೆ ಪರಶುರಾಮ ತನ್ನ ಅಜ್ಜಿಗಾಗಿ ಬಂದ, “ಕಾಕಾ, ಆಯಿನ್ನ ಒಂದ ಸುತ್ತ ಹಾಕಿಸಿಕೊಂಡು ಬರ್ರಿ,” ಎಂದ. ಡ್ರಾಯಿಂಗ್ ಮಾಸ್ತರರು ಹೊಸ ಗಿಳಿಯನ್ನು ಪಂಜರದ ಸಮೇತ ತಂದರು. ಸರಕಾರಿ ಸಾಹೇಬರು ಮಾವನವರ ವಿಷಯದಲ್ಲಿ ಜವಾನನ ಕೈಲಿ ಹೇಳಿಕಳಿಸಿದರು. ಈಗ ಎಲ್ಲರೂ ತಮ್ಮ ಬಾಗಿಲಿಗೆ ಗಾಡಿ ಒಂದು ಗಳಿಗೆ ನಿಲ್ಲಲಿ ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ವಾಯರು ನೆಟ್ಟಗಾದ ಗಾಡಿ ಈಗ ತಾನಾಗಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ಮುಂಡರಗಿಗೆ ಸುದ್ದಿ ಹೋಗುವುದು ತಡವಾಗಲಿಲ್ಲ. “ಬೀಗರ,” ಎಂದ ಹನಮಪ್ಪ ಫೋನಿನಲ್ಲಿ, ಬಹಳ ಮೆತ್ತಗೆ, “ಕುಬಸಕ್ಕ ಅದರಾಗ ಬರ್ರಿ. ನೇತ್ರಾನ್ನ ಅದರಾಗ ಒಯ್ಯಿರಿ. ಹೊಟ್ಟ್ಯಾಗಿನ ಕೂಸಿಗೆ ಆಯುಷ್ಯ ಗಟ್ಟಿ ಆಗತೈತಿ. ಬರೋವಾಗ ಮಂಜವ್ವನ್ನ ಮರೀಬ್ಯಾಡ್ರಿ, ನಮ್ಮವ್ವ ನೋಡಬೇಕಂತಾಳ.”

ಕುಬಸ ಸಾಂಗವಾಯಿತು. ನೀಲಪ್ಪ ಗಾಡಿಯಿಂದಿಳಿಯುವಾಗ ಬೀಗರ ತುಟಿಯ ಮೂಲೆ ಎಲ್ಲಿದೆಯೆಂದು ನೋಡಿಕೊಂಡ. ಇರಬೇಕಾದ ಜಾಗದಲ್ಲೇ ಇತ್ತು. ಮರಳಿ ಬರುವಾಗ ಹಸಿರು ಸೀರೆಯ ನೇತ್ರಾ ಮುಂದೆ, ಬಜರು ಹಿಡಿದ ಮಂಜವ್ವ ಹಿಂದೆ. ಕಪ್ಪತಗುಡ್ಡ ಕಂಡರೆ ಗುಂಯ್, ಎಲೆ ಉಗುಳಬೇಕಾದರೆ ಗುಂಯ್, ಶೇಂಗಾ ಮಾರುವವಳು ಕಂಡರೆ ಗುಂಯ್. ನೀಲಪ್ಪ ಪ್ರತಿ ಸಲ ನಿಲ್ಲಿಸಿದ. ಡಂಬಳದಲ್ಲಿ ಚಹಾ ಕುಡಿದ ಮೇಲೆ ಮುದುಕಿಗೆ ಜೋಂಪು ಹತ್ತಿತು. ದಾರಿ ಸುಮ್ಮನೆ ಸಾಗಿತು.

ಮುಸ್ಸಂಜೆಗೆ ಗಾಡಿ ಓಣಿ ಸೇರಿತು. ಪರಶುರಾಮನ ಬಾಗಿಲ ತಗ್ಗಿಗೆ ಕುಕ್ಕರಿಸಿತು, ಎದ್ದು ಮುಂದೆ ಬಂತು. ಮಾಸ್ತರರ ತಗ್ಗು ದಾಟಿತು. ನೀಲಪ್ಪನ ಎದೆ ಹಿಗ್ಗಿತು. ಮನೆಯ ಮುಂದೆ ರೋಜಾ ಆರತಿ ಹಿಡಿದು ನಿಂತಿದ್ದಳು. ಗಾಡಿ ಸರಿಯಾಗಿ ಹೊಸ್ತಿಲೆದುರು ಬಂದಾಗ ಹಿಂದಿನಿಂದ ಕೇಳಿಸಿತು.

ಗುಂಯ್.

“ಬಂದೇ ಬಿಟ್ಟೀವಿ ದೊಡ್ಡವ್ವ, ಮತ್ಯಾಕ ಒತ್ತತಿ,” ಎನ್ನುತ್ತ ನೀಲಪ್ಪ ನಿಲ್ಲಿಸಿದ. ರೋಜಾ ಮಗಳಿಗೆ ಆರತಿ ಎತ್ತಿ, ದೃಷ್ಟಿ ತೆಗೆದು, ಕೈ ಹಿಡಿದು ಹೊಸ್ತಿಲು ದಾಟಿಸಿದಳು. ನೇತ್ರಾ ಒಳಗೆ ಹೋದಳು. ಅಲ್ಲಿಗೆ ನೀಲಪ್ಪನ ಎದೆಯ ಮೇಲಿನ ಗಿರಣಿ ಕಲ್ಲು ಇಳಿಯಿತು.

ಹಿಂದಿನ ಬಾಗಿಲು ತೆಗೆದು ಅವನು ಮಂಜವ್ವನಿಗೆ ಕೈ ಕೊಟ್ಟ. “ಆ ಬಜರ ಇಲ್ಲಿ ಕೊಡು, ಬೀಳಿಸ್ಗೀಳಿಸೀಯ.”

ಮುದುಕಿ ಎರಡೂ ಅಂಗೈ ಬಿಚ್ಚಿ ತೋರಿಸಿದಳು. “ಎಲ್ಲೈತಿ? ಡಂಬಳದಾಗ ಚಾದಂಗಡಿ ಕಟ್ಟಿ ಮ್ಯಾಲೆ ಬಿಟ್ಟ ಬಂದೀನಿ. ಆಗಿಂದ ಹೇಳಬೇಕಂದ್ರ ನಿದ್ದಿ ಹತ್ತಿತ್ತು.”

ನೀಲಪ್ಪ ಸೀಟಿನ ಕಡೆ ನೋಡಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಮಂಜವ್ವ ಕೋಲೂರುತ್ತ ಒಳಗೆ ಹೋದಳು. ಅವನು ಬಾಗಿಲನ್ನು ಹಾಗೆಯೇ ತೆರೆದು ಹಿಡಿದುಕೊಂಡು, ಸ್ವಲ್ಪ ಬದಿಗೆ ಸರಿದು, ದಾರಿ ಬಿಟ್ಟು ನಿಂತ.

“ಎಲ್ಲಾರೂ ಇಳದ್ರಲ್ಲ, ಬಾಗಲಾ ಹಾಕಿ ಬರ್ರಿ,” ಎಂದಳು ರೋಜಾ ಒಳಗಿನಿಂದ.

“ತಡಿ,” ಎಂದ ನೀಲಪ್ಪ, ದನಿ ತಗ್ಗಿಸಿ. “ಇಳೀಲಿ.”